ನೂರಾ ಎರಡು ಡಿಗ್ರಿ ಜ್ವರ

ಬೆಳಗ್ಗೆ ಆರೂಕಾಲಿಗೆ ಫರ್ವಾನಿಯಾದ ಒಂದು ಫಾರ್ಮಸಿಯ ಮುಂದೆ ಕಾರು ನಿಲ್ಲಿಸುತ್ತೇನೆ. ನನ್ನ ಗೆಳೆಯರೊಬ್ಬರು ಹತ್ತಿ ಬೆಲ್ಟ್ ಹಾಕಿಕೊಳ್ಳುತ್ತಾರೆ. ಹಾಕಿಕೊಂಡರೋ ಇಲ್ಲವೋ ಎಂದು ನಾನು ಇನ್ನೊಮ್ಮೆ ನೋಡುತ್ತೇನೆ. ಅವರು ಬೆಲ್ಟನ್ನು ಎಳೆದು ತೋರಿಸುತ್ತಾರೆ. ಒಂಬತ್ತು ವರ್ಷದಿಂದ ಇದೇ ಕ್ರಮ. ಅಲ್ಲಿಂದ ಸಬ್ಹಾನಿನ ನಮ್ಮ ಕಾರ್ಖಾನೆಯ ಗೇಟು ಬರುವವರೆಗೆ ಮಾತು ನಿಲ್ಲುವುದಿಲ್ಲ. ಆದರೆ ಎರಡು ಚಳಿಗಾಲದ ಹಿಂದೆ, ಹದಿನೈದು ದಿನ, ನಾವಿಬ್ಬರೂ ಬರೀ ಹವಾಮಾನದ ಬಗ್ಗೆ ಮಾತಾಡಿದೆವು. ಕುವೈತಿನ ಹವಾಮಾನದ ಬಗ್ಗೆ ಎಷ್ಟು ಹೊತ್ತು ಮಾತಾಡಬಹುದು? ಚಳಿ ಉಂಟು, ಅನ್ನುತ್ತಿದ್ದರು. ಹೌದು ಚಳಿ ಇದೆ, ಅನ್ನುತ್ತಿದ್ದೆ. ಆಮೇಲೆ ಆರನೇ ರಿಂಗ್ ರೋಡ್ ಪೂರ್ತಿ ವೈಪರ್ ನೋಡಿಕೊಂಡು ಕೂತಿರುತ್ತಿದ್ದೆವು.

ಕಾರಣ ಇಷ್ಟೇ. ನನ್ನ ಮಗಳೂ ಅವರ ಮಗಳೂ ಇಂಟರ್ನೆಟ್ಟಿನಲ್ಲಿ ಪ್ರಾಸಬದ್ಧವಾಗಿ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಅದು ಗೆಳೆಯರಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ನಾನು ಆ ಕಾರ್ಖಾನೆಯ ಸೇಫ್ಟಿ ಆಫೀಸರ್. ಆತಂಕಪಡುವುದಕ್ಕೆ ಸಂಬಳ ಕೊಡುವ ಕೆಲಸ ಇದೊಂದೇ ಇರಬೇಕು. ಆದ್ದರಿಂದ ಹುಟ್ಟುಗುಣವನ್ನೇ ವೃತ್ತಿ ಮಾಡಿಕೊಂಡ ಅದೃಷ್ಟವಂತ ಎಂದು ನನ್ನ ಹೆಂಡತಿ ನನ್ನನ್ನು ಪರಿಚಯಿಸುತ್ತಾಳೆ. ಗೆಳೆಯರು ಮಂಗಳೂರಿನ ಕಡೆಯ ಬ್ಯಾರಿ, ನಮ್ಮ ಗೋದಾಮಿನ ಸ್ಟಾಕ್ ನೋಡಿಕೊಳ್ಳುವವರು. ಅವರಿಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಅದಕ್ಕೂ ಒಂದು ಕಾರಣ ಇತ್ತು. ಅವರ ಇಕಾಮಾದಲ್ಲಿ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯಲ್ಲಿ, ಅವರು ದರ್ಜಿ. ವೀಸಾ ಕೊಟ್ಟ ಬೇರೊಬ್ಬ ಕಫೀಲನ ಹೊಲಿಗೆ ಅಂಗಡಿಯ ದರ್ಜಿ; ಆ ಕಾಗದಕ್ಕೆ ಲೈಸೆನ್ಸ್ ಸಿಗುವುದಿಲ್ಲ. ಸೂಜಿಗೆ ದಾರ ಪೋಣಿಸಲು ಬಾರದ ಮನುಷ್ಯ ಒಂದು ಕಡೆ ಕಾಗದದಲ್ಲಿ ಬಟ್ಟೆ ಹೊಲಿಯುತ್ತ, ಇನ್ನೊಂದು ಕಡೆ ನಿಜದಲ್ಲಿ ಡಬ್ಬ ಎಣಿಸುತ್ತಿದ್ದರು. ಸಿಕ್ಕಿಬಿದ್ದರೆ ಊರಿಗೆ ವಿಮಾನ. ಈಗ ಅದೆಲ್ಲ ಸರಿಹೋಗಿದೆ, ಕಾಗದ ನಮ್ಮ ಕಂಪನಿಗೇ ಬಂದಿದೆ. ಇಲ್ಲದಿದ್ದರೆ ನಾನು ಇದನ್ನು ಬರೆಯುವುದಿರಲಿ, ಯೋಚಿಸುತ್ತಲೂ ಇರಲಿಲ್ಲ.

ಹುಡುಗಿಯರಿಬ್ಬರೂ ಒಂದೇ ಇಂಡಿಯನ್ ಶಾಲೆ, ಒಂದೇ ಕ್ಲಾಸು. ಒಂಬತ್ತನೇ ತರಗತಿಯಲ್ಲಿ ಇಬ್ಬರೂ ಸೇರಿ ಒಂದು ಬ್ಯಾಂಡ್ ಕಟ್ಟಿದರು. ಬ್ಯಾಂಡ್ ಅಂದರೆ ಡ್ರಮ್ಮಿಲ್ಲ, ಗಿಟಾರಿಲ್ಲ, ಒಂದು ಲ್ಯಾಪ್‌ಟಾಪ್ ಮತ್ತು ಎರಡು ಬಾಯಿ. ನಮ್ಮ ಮಲಗುವ ಕೋಣೆಯ ದೊಡ್ಡ ಬೀರುವೇ ಅವರ ಸ್ಟುಡಿಯೊ. ರಜಾಯಿ, ಚಳಿಕೋಟುಗಳ ನಡುವೆ ಕೂತರೆ ಧ್ವನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲವಂತೆ. ಅವರು ಒಳಗೆ ಕೂತು ಬಾಗಿಲು ಹಾಕಿಕೊಂಡಾಗ ನಾನು ಹೊರಗೆ ಇಸ್ತ್ರಿಪೆಟ್ಟಿಗೆ ಹಿಡಿದು ಏನೋ ಕೆಲಸವಿದ್ದವನ ಹಾಗೆ ನಿಂತಿರುತ್ತಿದ್ದೆ. ಅದೊಂದು ಕನ್‌ಫೈನ್ಡ್ ಸ್ಪೇಸ್. ನಮ್ಮ ಕಾರ್ಖಾನೆಯಲ್ಲಾದರೆ ಅಷ್ಟು ಚಿಕ್ಕ ಜಾಗಕ್ಕೆ ಇಳಿಯಲು ನನ್ನ ಸಹಿ ಬೇಕು, ಹೊರಗೊಬ್ಬ ಕಾವಲಿಗೆ ಬೇಕು. ಆ ಕಾವಲಿನವನು ನಾನೇ ಎಂದುಕೊಂಡು ಸಮಾಧಾನಪಡುತ್ತಿದ್ದೆ.

ಅವರು ಹಾಡುವುದು ಯಾವ ಬಗೆ ಎಂದು ಒಮ್ಮೆ ಕೇಳಿದ್ದಕ್ಕೆ ಮಗಳು, ಗ್ಯಾಂಗ್‌ಸ್ಟಾ ರ‍್ಯಾಪ್, ಅಂದಳು. ಅದರಲ್ಲಿನ ಮೊದಲ ಪದವೇ ನನಗೆ ಸಾಕಾಗಿತ್ತು. ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಬಾಗಿಲು ಓರೆ ಮಾಡಿಕೊಂಡು ಅದರ ಚರಿತ್ರೆ ಓದಿದೆ. ನಾನು ಹೈಸ್ಕೂಲಿನಲ್ಲಿ ಆರ್ಕೆಸ್ಟ್ರಾದವರ ಹಾಡು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ಲಾಸ್ ಏಂಜಲೀಸಿನ ಒಂದು ಕೇರಿಯ ಕೆಲವು ಹುಡುಗರು ತಮ್ಮ ಬೀದಿಯಲ್ಲಿ ಕಂಡದ್ದನ್ನು, ಪೊಲೀಸರು ತಮ್ಮನ್ನು ಗೋಡೆಗೆ ಒರಗಿಸಿ ಜೇಬು ತಡಕುವುದನ್ನು, ಮೆದು ಮಾಡದೆ ಹಾಡಿಬಿಟ್ಟಿದ್ದರು. ರೇಡಿಯೊದವರು ಮುಟ್ಟಲಿಲ್ಲ. ಆದರೂ ಅದು ಊರಿಂದೂರಿಗೆ ಹಬ್ಬಿತು. ಇಲ್ಲಿಯವರೆಗೆ ಓದುವಾಗ ನನಗೆ ಅವರ ಮೇಲೆ ಒಂಥರಾ ಪ್ರೀತಿಯೇ ಬಂತು. ಆಮೇಲೆ ಗುಂಪು ಒಡೆಯಿತು. ಒಂದೇ ಮೈಕಿನಲ್ಲಿ ಹಾಡಿದವರು ಒಬ್ಬರ ಮೇಲೊಬ್ಬರು ಹಾಡು ಕಟ್ಟಿ ಬೈದುಕೊಂಡರು. ಹಳೆಯ ಗೆಳೆಯನಿಗೆ ಮಾತ್ರ ಗೊತ್ತಿರುವ ಗುಟ್ಟು ಹಾಡಿನೊಳಗೆ ಬಂತು. ಕೆಲವು ವರ್ಷ ಕಳೆದು ಈ ತೀರದವರು, ಆ ತೀರದವರು ಎಂದು ದೇಶವೇ ಎರಡು ಪಾಲಾಗಿ ಕೊನೆಗೆ ಗುಂಡು ಹಾರಿತು, ಹೆಣ ಬಿತ್ತು. ಕುವೈತಿಗೆ ಇರುವುದು ಒಂದೇ ತೀರ ಎಂದು ಧೈರ್ಯ ತಂದುಕೊಂಡೆ. ಆದರೂ ಅಭ್ಯಾಸಬಲದಿಂದ ಅಪಾಯ ಅಳೆಯುವ ನಮ್ಮ ಫಾರಂ ಒಂದನ್ನು ತುಂಬಿದೆ. ಅಪಾಯ: ಗ್ಯಾಂಗ್‌ಸ್ಟಾ ರ‍್ಯಾಪ್. ಸಂಭವ: ಕಡಿಮೆ. ತೀವ್ರತೆ: ಅತಿ ಹೆಚ್ಚು. ನಿಯಂತ್ರಣ ಕ್ರಮ ಎಂಬ ಖಾನೆ ಖಾಲಿ ಬಿಟ್ಟೆ. ಫಾರಂ ಯಾರಾದರೂ ನೋಡಿಯಾರೆಂದು ಹರಿದು, ಹರಿದ ಚೂರುಗಳನ್ನು ಎರಡು ಬೇರೆ ಬೇರೆ ಬುಟ್ಟಿಗೆ ಹಾಕಿದೆ.

ಖಾಲಿ ಬಿಟ್ಟ ಖಾನೆಗೆ ನಾನೇ ಉತ್ತರ ಕಂಡುಕೊಂಡದ್ದು ವಫ್ರಾ ಪಿಕ್ನಿಕ್ಕಿನ ಹೊತ್ತಿಗೆ.

ಪ್ರತಿ ಚಳಿಗಾಲದಲ್ಲೂ ನಮ್ಮವರೆಲ್ಲ ವಫ್ರಾದ ಒಂದು ತೋಟದಲ್ಲಿ ಒಂದು ದಿನ ಸೇರುತ್ತಾರೆ. ಹಸಿರುಮನೆಗಳ ಪಕ್ಕದಲ್ಲಿ ಶಾಮಿಯಾನ, ಚಿತ್ರಾನ್ನ, ಹಗ್ಗಜಗ್ಗಾಟ, ಚಿಕ್ಕ ಸ್ಟೇಜು. ಆ ವರ್ಷ ಮಕ್ಕಳ ಬ್ಯಾಂಡಿಗೂ ಐದು ನಿಮಿಷ ಕೊಟ್ಟಿದ್ದರು. ಹಾಡಿನ ಒಂದು ಚರಣ ನನ್ನ ಮಗಳದು, ಇನ್ನೊಂದು ಅವಳ ಗೆಳತಿಯದು. ಪಿಕ್ನಿಕ್ಕಿನ ಹಿಂದಿನ ದಿನ ಮಗಳು ನನಗೆ ತನ್ನ ಚರಣ ಓದಿ ತೋರಿಸಿದಳು. ಇಂಗ್ಲಿಷಿನಲ್ಲಿತ್ತು. ತಾತ್ಪರ್ಯ ಹೀಗೆ: ಇಕಾಮಾ ನೋಡುವ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತ ಕೂಡಲೇ ನಲವತ್ತು ಕೈ ನಲವತ್ತು ಜೇಬು ಮುಟ್ಟಿಕೊಳ್ಳುತ್ತವೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಷ್ಟೇ. ಬೈಗುಳವಿಲ್ಲ, ಬಂದೂಕಿಲ್ಲ. ಚೆನ್ನಾಗಿದೆ ಎಂದು ನನಗೆ ಒಳಗೇ ಗೊತ್ತಾಯಿತು. ಅದಕ್ಕೇ ಹೆದರಿದೆ. ಚೆನ್ನಾಗಿಲ್ಲದಿದ್ದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಚೆನ್ನಾಗಿದ್ದರೆ ಯಾರಾದರೂ ವಿಡಿಯೊ ಮಾಡುತ್ತಾರೆ, ಎಲ್ಲಿಗೋ ಕಳಿಸುತ್ತಾರೆ, ಎಲ್ಲೋ ಒಬ್ಬ ಅಧಿಕಾರಿ ಫೋನು ಕೆಳಗಿಟ್ಟು, ಈ ಹುಡುಗಿಯ ಅಪ್ಪ ಯಾರು, ಎಂದು ಕೇಳುತ್ತಾನೆ. ಅವಳ ಇಕಾಮಾ ನನ್ನದಕ್ಕೆ ಅಂಟಿಕೊಂಡಿದೆ, ನನ್ನದು ಕಂಪನಿಗೆ. ಒಂದು ದಾರ ಎಳೆದರೆ ಪೂರ್ತಿ ಸ್ವೆಟರು ಬಿಚ್ಚಿಕೊಳ್ಳುತ್ತದೆ.

ಹೋಗಬೇಡ ಅಂದೆ. ಅತ್ತಳು. ನಾನೇ ಫೋನು ತೆಗೆದುಕೊಂಡು ಗೆಳೆಯರಿಗೆ ಹೇಳಿದೆ: ಮಗಳಿಗೆ ಜ್ವರ, ನೂರಾ ಎರಡು, ನಾವು ಯಾರೂ ಬರುವುದಿಲ್ಲ. ಡಿಗ್ರಿ ಅವರು ಕೇಳಿರಲಿಲ್ಲ. ಸುಳ್ಳಿಗೂ ಅಳತೆ ಬರೆದಿಡುವ ಚಾಳಿ ನನ್ನದು.

ಗೆಳೆಯರ ಮಗಳು ಒಬ್ಬಳೇ ಸ್ಟೇಜು ಹತ್ತಿದಳು. ಎರಡೂ ಚರಣ ಅವಳೇ ಹಾಡಿದಳು. ಹಸಿರುಮನೆಯ ಕೆಲಸಗಾರರು ಶಾಮಿಯಾನದ ಅಂಚಿಗೆ ಬಂದು ನಿಂತು, ಜೇಬಿನ ಸಾಲು ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರಂತೆ. ಅವಳಿಗೆ ಒಂದು ಶೀಲ್ಡು ಸಿಕ್ಕಿತು. ಯಾರೋ ವಿಡಿಯೊ ಮಾಡಿದರು, ಯಾರೋ ಎಲ್ಲಿಗೋ ಕಳಿಸಿದರು. ಯಾವ ಅಧಿಕಾರಿಯೂ ಏನೂ ಕೇಳಲಿಲ್ಲ. ಏನೂ ಆಗಲಿಲ್ಲ. ನಾನು ಭಯಪಟ್ಟ ವಿಷಯಗಳಲ್ಲಿ ಏನೂ ಆಗದವುಗಳದ್ದೇ ಬಹುಮತ. ಆದರೆ ಅದರಿಂದ ನಾನು ಕಲಿತದ್ದು ಕಡಿಮೆ.

ವಿಡಿಯೊ ನನ್ನ ಮಗಳಿಗೂ ಬಂತು. ತನ್ನ ಸಾಲು ಗೆಳತಿಯ ಬಾಯಲ್ಲಿ, ತನ್ನ ಹೆಸರೇ ಇಲ್ಲದೆ. ನಾಲ್ಕು ದಿನ ಶಾಲೆಯಲ್ಲಿ ಮಾತು ಬಿಟ್ಟಳು. ಐದನೇ ದಿನ ಬೀರುವಿನೊಳಗೆ ಒಬ್ಬಳೇ ಕೂತು, ಕದ್ದ ಬಾಯಿಗೆ ಶೀಲ್ಡು ಸಿಕ್ಕಿದ ಕಥೆಯನ್ನು ಹಾಡಿ ಇಂಟರ್ನೆಟ್ಟಿಗೆ ಹಾಕಿದಳು. ಎರಡು ದಿನದಲ್ಲಿ ಆ ಕಡೆಯಿಂದ ಉತ್ತರ ಬಂತು. ಸ್ಟೇಜು ನೋಡಿ ಜ್ವರ ಬಂದವಳೇ, ನಿನ್ನ ಥರ್ಮಾಮೀಟರು ಕೂಡ ನಿನ್ನನ್ನು ನೋಡಿ ನಕ್ಕಿತು, ಎಂದು. ಶಾಲೆಯಲ್ಲೆಲ್ಲ ಅದೇ ಮಾತಾಯಿತು. ನನ್ನ ಮಗಳು ಎದುರು ಬಂದರೆ ಎಲ್ಲರೂ ಹಣೆ ಮುಟ್ಟಿಕೊಂಡು ತೋರಿಸುತ್ತಿದ್ದರಂತೆ.

ನಾನು ಇದೆಲ್ಲ ಮಕ್ಕಳಾಟ, ತಾನೇ ತಣ್ಣಗಾಗುತ್ತದೆ ಎಂದೆ. ಹೆಂಡತಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎಲ್ಲವನ್ನೂ ರಿಪೋರ್ಟು ಓದಿದ ಹಾಗೆ ತಣ್ಣಗೆ ಹೇಳುತ್ತಾಳೆ.

"ರೀ, ಅವಳು ಒಂದೇ ಮಾತಲ್ಲಿ ಮುಗಿಸಬಹುದಿತ್ತು. ನಂಗೆ ಜ್ವರ ಬಂದಿರಲಿಲ್ಲ, ನಮ್ಮಪ್ಪ ಹೆದರಿಕೊಂಡ್ರು ಅಂತ. ಯಾಕೆ ಹೇಳ್ತಿಲ್ಲ ಗೊತ್ತಾ?"

ಗೊತ್ತಿಲ್ಲ ಅಂದೆ. ಗೊತ್ತಿತ್ತು. ಬೀದಿಯ ನಿಜವನ್ನೆಲ್ಲ ಹೇಳಬೇಕು ಎಂದು ಹುಟ್ಟಿದ ಹಾಡಿನಲ್ಲಿ ನನ್ನ ಮಗಳು ಒಂದೇ ಒಂದು ನಿಜವನ್ನು ಕಂಬಳಿ ಹೊದಿಸಿ ಇಟ್ಟಿದ್ದಳು. ಆ ಕಂಬಳಿಯ ಕೆಳಗೆ ನಾನಿದ್ದೆ. ಹೇಡಿ ಅನ್ನಿಸಿಕೊಳ್ಳುವ ಕೆಲಸ ನನ್ನದು. ಅದನ್ನು ಅವಳು ದಿನಾ ಶಾಲೆಗೆ ಹೋಗಿ ಮಾಡಿ ಬರುತ್ತಿದ್ದಳು.

ಇಷ್ಟಾದರೂ ನಾನು ಬಾಯಿಬಿಡಲಿಲ್ಲ. ಕಾರಿನಲ್ಲಿ ಗೆಳೆಯರ ಪಕ್ಕ ಕೂತು, ಇವತ್ತು ಹೇಳಿಬಿಡೋಣ ಎಂದುಕೊಳ್ಳುವುದು, ಚಳಿ ಇದೆ ಎನ್ನುವುದು. ಜ್ವರ ಸುಳ್ಳು ಎಂದರೆ, ಏಳು ವರ್ಷದಲ್ಲಿ ಇನ್ನೇನೇನು ಸುಳ್ಳು ಹೇಳಿದ್ದೀರಿ ಎಂದು ಕೇಳಿದರೆ? ನಾಳೆಯಿಂದ ಬೇರೆ ಕಾರು ನೋಡಿಕೊಂಡರೆ? ಅಂಥ ಪ್ರಶ್ನೆಗಳನ್ನು ಪೋಣಿಸುತ್ತ ಹದಿನೈದು ದಿನ ದೂಡಿದೆ.

ಮಂಗಳವಾರ ಸಂಜೆ ಇಸ್ತ್ರಿಪೆಟ್ಟಿಗೆ ಹಿಡಿದು ಬೀರುವಿನ ಹೊರಗೆ ನಿಂತಿದ್ದೆ. ಒಳಗೆ ಮೂರನೇ ಹಾಡು ತಯಾರಾಗುತ್ತಿತ್ತು, ಶುಕ್ರವಾರ ಹೊರಗೆ ಬರುವುದಿತ್ತು. ಒಂದೇ ಸಾಲನ್ನು ಅವಳು ಮತ್ತೆ ಮತ್ತೆ ಹೇಳುತ್ತಿದ್ದಳು, ಉಸಿರು ಸರಿಹೋಗಲೆಂದು. ಮೂರನೇ ಸಲಕ್ಕೆ ನನಗೆ ಅರ್ಥವಾಯಿತು. ನಿಮ್ಮಪ್ಪನ ಕಾಗದ ಅವನನ್ನು ದರ್ಜಿ ಅನ್ನುತ್ತದೆ, ಅವನ ಬೆರಳು ಒಮ್ಮೆಯೂ ಸೂಜಿ ಕಂಡಿಲ್ಲ.

ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಬಿಸಿಯಿರಲಿಲ್ಲ, ಪುಣ್ಯ.

ಆ ಗುಟ್ಟು ಅವಳಿಗೆ ಗೊತ್ತಾದದ್ದು ನನ್ನಿಂದ. ಗೆಳೆಯರು ಒಮ್ಮೆ ಕಾರಿನಲ್ಲಿ ನನಗೊಬ್ಬನಿಗೇ ಹೇಳಿದ್ದನ್ನು ನಾನು ಮನೆಯಲ್ಲಿ ಊಟ ಮಾಡುತ್ತ, ಪಾಪ ಅವರಿಗೆ ಏನಾದರೂ ಆದರೆ ಏನು ಗತಿ ಎಂದು ಚಿಂತಿಸುತ್ತ, ಸಾರು ಬಡಿಸಿಕೊಳ್ಳುತ್ತ ಹೇಳಿದ್ದೆ. ಬೇರೆಯವರ ಬಗ್ಗೆ ಚಿಂತೆ ಮಾಡುವುದು ಎಂದು ನಾನು ಅಂದುಕೊಂಡದ್ದು ಬರೀ ಬಾಯಿಹರುಕತನ ಎಂದು ಬೀರುವಿನ ಬಾಗಿಲು ನನಗೆ ತಿಳಿಸಿತು. ಶಾಲೆಯ ಅರ್ಧ ಮಕ್ಕಳು ಕೇಳುವ ಹಾಡು. ಅವರ ಅಪ್ಪಂದಿರಲ್ಲಿ ಯಾರೋ ಒಬ್ಬ ಎಲ್ಲಾದರೂ ಒಂದು ಮಾತು ಆಡಿದರೆ ಸಾಕು. ಈ ಸಲ ಅಧಿಕಾರಿ ನನ್ನ ತಲೆಯೊಳಗಿನವನಲ್ಲ.

ಬಾಗಿಲು ತೆರೆದೆ. ಕೋಟುಗಳ ನಡುವೆ ಮೊಣಕಾಲು ಮಡಚಿ, ಫೋನಿನ ಬೆಳಕಿನಲ್ಲಿ ಕೂತಿದ್ದಳು. ಆ ಸಾಲು ತೆಗಿ ಅಂದೆ. ತೆಗೆಯಲ್ಲ ಅಂದಳು, ಕನ್ನಡದಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅವಳು. ಕೋಪ ಬಂದರೆ ಮಾತ್ರ ಕನ್ನಡ ಬರುತ್ತದೆ. ಅದಕ್ಕೇ ಅವಳ ಕನ್ನಡ ಕಿವಿಗೆ ಬಿದ್ದರೆ ನನ್ನ ಎದೆ ಹಾರುತ್ತದೆ.

"ಚೆಕ್‌ಪೋಸ್ಟ್ ಬಗ್ಗೆ ಹೇಳ್ಬೇಡ ಅಂದೆ. ಹೇಳ್ಲಿಲ್ಲ. ಜ್ವರದ ಬಗ್ಗೆ ಹೇಳ್ಬೇಡ ಅಂತ ನೀನು ಬಾಯ್ಬಿಟ್ಟು ಹೇಳ್ಲಿಲ್ಲ, ಆದ್ರೂ ಹೇಳ್ಲಿಲ್ಲ. ಇನ್ನು ನಂಗೆ ಗೊತ್ತಿರೋ ನಿಜ ಇದೊಂದೇ ಅಪ್ಪ."

ನಾನು ಬೀರುವಿನ ಅಂಚಿನಲ್ಲಿ ಕೂತೆ. ಅದು ನನ್ನ ತೂಕ ತಡೆಯುತ್ತದೋ ಎಂದು ಒಮ್ಮೆ ಅದುಮಿ ನೋಡಿಯೇ ಕೂತೆ. ನಮ್ಮ ವೃತ್ತಿಯ ಮೊದಲ ಪಾಠ: ಅಪಾಯವನ್ನು ಪೂರ್ತಿ ತೆಗೆದುಹಾಕು. ಆಗದಿದ್ದರೆ ಅದರ ಜಾಗದಲ್ಲಿ ಕಡಿಮೆ ಅಪಾಯದ್ದನ್ನು ಇಡು. ಇಪ್ಪತ್ತೆರಡು ವರ್ಷದಿಂದ ಇದನ್ನು ಊರಿಗೆಲ್ಲ ಹೇಳಿಕೊಟ್ಟಿದ್ದೇನೆ, ಆಸಿಡ್ಡಿಗೆ, ಏಣಿಗೆ, ಗ್ಯಾಸ್ ಸಿಲಿಂಡರಿಗೆ.

"ಅವರ ಜಾಗದಲ್ಲಿ ನನ್ನನ್ನ ಹಾಕು," ಅಂದೆ. "ಜ್ವರ ಯಾರಿಗೆ ಬಂದಿತ್ತು ಅಂತ ಹೇಳು."

 ನಾಳೆ ಮನಸ್ಸು ಬದಲಾಯಿಸಲ್ಲ ತಾನೇ, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಂಗ್ಲಿಷು ವಾಪಸ್ ಬಂದದ್ದು ಒಳ್ಳೆಯ ಲಕ್ಷಣ. ಬದಲಾಯಿಸುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಕ್ಷಣದಿಂದಲೇ ಬದಲಾಯಿಸಲು ಹಾದಿ ಹುಡುಕತೊಡಗಿದೆ. ಅದು ಬೇರೆ ವಿಷಯ.

ಹಾಡಿನಲ್ಲಿ ಬರುವ ಮೊದಲು ನಾನೇ ಹೇಳಬೇಕಿತ್ತು. ಬುಧವಾರ ಬೆಳಗ್ಗೆ ಗೆಳೆಯರು ಬೆಲ್ಟ್ ಎಳೆದು ತೋರಿಸಿದ ಮೇಲೆ, ರಿಂಗ್ ರೋಡಿಗೆ ಸೇರುವ ಮೊದಲೇ ಶುರುಮಾಡಿದೆ. ಮೊದಲು ಜ್ವರದ ಸುಳ್ಳು. ಅವರು ರಸ್ತೆ ನೋಡುತ್ತಲೇ ಸ್ವಲ್ಪ ನಕ್ಕರು. ಅದು ಅಂದೇ ಗೊತ್ತಿತ್ತು ಮಾರಾಯ್ರೆ, ಜ್ವರ ಬಂದ ಮಗಳಿದ್ದರೆ ನೀವು ಫೋನ್ ಮಾಡುವಷ್ಟು ನೆಟ್ಟಗಿರುವುದಿಲ್ಲ, ಎಂದರು. ಆ ನಗುವಿನಲ್ಲೇ ನಿಲ್ಲಿಸಿಬಿಡಬಹುದಿತ್ತು. ನಿಲ್ಲಿಸದೆ ಎರಡನೆಯದನ್ನೂ ಹೇಳಿದೆ. ಊಟದ ಹೊತ್ತು, ಸಾರು, ದರ್ಜಿ, ಬೀರುವಿನೊಳಗಿನ ಸಾಲು, ಎಲ್ಲವನ್ನೂ.

ಅವರು ನಗಲಿಲ್ಲ. ವಿಮಾನ ನಿಲ್ದಾಣದ ಪಕ್ಕದಿಂದ ಹಾದು ಸಬ್ಹಾನಿನ ಸಿಗ್ನಲ್ಲಿಗೆ ಬರುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದರು. ಸಿಗ್ನಲ್ಲಿನಲ್ಲಿ ಮೆಲ್ಲಗೆ ಹೇಳಿದರು.

"ನಾನು ಅದನ್ನು ನನ್ನ ಹೆಂಡತಿಗೇ ಪೂರ್ತಿ ಹೇಳಿದ್ದಿಲ್ಲ. ಅವಳಿಗೆ ಹೆದರಿಕೆ ಆಗ್ತದೆ ಅಂತ. ನಿಮ್ಮ ಮನೆಯಲ್ಲಿ ಅದು ಸಾರಿಗೆ ನೆಂಚಿಕೊಳ್ಳಲಿಕ್ಕೆ ಆಯ್ತು."

ಗೇಟಿನಲ್ಲಿ ಇಳಿದು ಹೋದರು. ಕಾರಿನ ಬಾಗಿಲನ್ನು ಮೆತ್ತಗೆ ಹಾಕಿದರು. ಧಡಾರನೆ ಹಾಕಿದ್ದರೆ ನನಗೆ ವಾಸಿಯೆನಿಸುತ್ತಿತ್ತು.

ಗುರುವಾರ ಫಾರ್ಮಸಿಯ ಮುಂದೆ ಅವರು ಇರಲಿಲ್ಲ. ಹತ್ತು ನಿಮಿಷ ಕಾದೆ. ಮುಂದಿನ ತಿರುವಿನಲ್ಲಿ ನೋಡಿದರೆ ಬಸ್ ನಿಲ್ದಾಣದಲ್ಲಿ ನಿಂತಿದ್ದರು, ತಲೆಗೆ ಮಫ್ಲರು ಸುತ್ತಿಕೊಂಡು. ಕಾರು ನಿಧಾನ ಮಾಡಿದೆ. ಅವರು ಬಸ್ಸು ಬರುವ ದಿಕ್ಕಿಗೆ ತಿರುಗಿದರು. ಆ ದಾರಿಯಲ್ಲಿ ಚೆಕ್‌ಪೋಸ್ಟು ಹಾಕಿದರೆ ಬಸ್ಸನ್ನೂ ನಿಲ್ಲಿಸುತ್ತಾರೆ. ಸಬ್ಹಾನಿನ ಗೋದಾಮಿಗೆ ಹೋಗಲು, ದರ್ಜಿಯ ಕಾಗದ ಜೇಬಿನಲ್ಲಿಟ್ಟುಕೊಂಡು ಅವರು ಒಬ್ಬರೇ ನಿಂತಿದ್ದರು. ನಲವತ್ತು ಕೈ, ನಲವತ್ತು ಜೇಬು. ನಾನು ನಿಲ್ಲಿಸಿಹಾಕಿದ್ದ ಸಾಲು ಯಾರ ಬಗ್ಗೆ ಎಂದು ನನಗೆ ಅಲ್ಲಿ ಹೊಳೆಯಿತು. ಕಾರ್ಖಾನೆ ತಲುಪಿದ ಮೇಲೂ ಅವರ ಬಸ್ಸು ಬರುವವರೆಗೆ ಗೇಟಿನಲ್ಲೇ ನಿಂತು, ಬೆಂಕಿ ನಂದಿಸುವ ಸಿಲಿಂಡರುಗಳ ತಾರೀಖು ಪರೀಕ್ಷಿಸುತ್ತಿರುವವನ ಹಾಗೆ ನಟಿಸಿದೆ. ಅವರು ಬಂದರು, ಕಾರ್ಡು ತೋರಿಸಿದರು, ಒಳಗೆ ಹೋದರು.

ಶುಕ್ರವಾರ ಮಧ್ಯಾಹ್ನ ಹಾಡು ಬಂತು. ನಾನು ಕೇಳಲಾರೆ ಅಂದೆ. ಹೆಂಡತಿ ಫೋನನ್ನು ಊಟದ ಮೇಜಿನ ಮೇಲಿಟ್ಟು, ಕೂತ್ಕೊಳ್ಳಿ, ಅಂದಳು. ಮೂರು ನಿಮಿಷ. ನಾನು ಸೂಜಿ ಎಂಬ ಪದಕ್ಕಾಗಿ ಮಾತ್ರ ಕಾಯುತ್ತಿದ್ದೆ. ಆ ಪದ ಬರಲಿಲ್ಲ. ಹಾಗಾಗಿ ಉಳಿದದ್ದನ್ನು ಕೇಳಲು ಎರಡನೇ ಸಲ ಹಾಕಬೇಕಾಯಿತು. ಅದರಲ್ಲಿ ಒಬ್ಬ ಮನುಷ್ಯನಿದ್ದ. ಅವನನ್ನು ನಾನು ಬಲ್ಲೆ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಭಾನುವಾರ ಬೆಳಗ್ಗೆ ಫಾರ್ಮಸಿಯ ಮುಂದೆ ಗೆಳೆಯರು ನಿಂತಿದ್ದರು. ಹತ್ತಿದರು. ಬೆಲ್ಟ್ ಹಾಕಿಕೊಂಡರು, ಎಳೆದು ತೋರಿಸಲಿಲ್ಲ. ನಾನೂ ನೋಡಲಿಲ್ಲ, ಅದಕ್ಕೆ ಎಷ್ಟು ಶ್ರಮ ಬಿತ್ತೆಂದು ನನಗೇ ಗೊತ್ತು. ಅವರು ಜೇಬಿನಿಂದ ಫೋನು ತೆಗೆದು ಹಾಡು ಹಾಕಿದರು. ಮುಗಿದ ಮೇಲೆ ಕೇಳಿದರು.

"ಸ್ಪೀಡು ಜಾಸ್ತಿ, ನನಗೆ ಇಂಗ್ಲಿಷ್ ಸಿಗುದಿಲ್ಲ. ಕಡೆಗೆ ಎಂತ ಹೇಳ್ತಾಳೆ? ಇದ್ದದ್ದು ಇದ್ದ ಹಾಗೆ ಹೇಳಿ."

ಇಂಗ್ಲಿಷ್ ಸಿಗದ ಮನುಷ್ಯನಲ್ಲ ಅವರು. ದಿನಾ ಇಂಗ್ಲಿಷಿನಲ್ಲೇ ಸ್ಟಾಕ್ ರಿಪೋರ್ಟು ಬರೆಯುವವರು. ನನಗೆ ಅದು ಗೊತ್ತು ಎಂಬುದೂ ಅವರಿಗೆ ಗೊತ್ತು. ಸ್ವಲ್ಪ ಮೆದು ಮಾಡಿ ಹೇಳುವ ಆಸೆ ಒಂದು ಸಿಗ್ನಲ್ಲಿನಷ್ಟು ಹೊತ್ತು ನನ್ನೊಳಗೆ ಹೊಯ್ದಾಡಿತು. ಆಮೇಲೆ ಸ್ಟೇರಿಂಗು ಎರಡು ಕೈಯಲ್ಲೂ ಹಿಡಿದು ಸಾಲು ಸಾಲಾಗಿ ಕನ್ನಡ ಮಾಡಿದೆ.

"ನಮ್ಮಪ್ಪನಿಗೆ ನೂರಾ ಎರಡು ಜ್ವರ, ನನ್ನ ಹಣೆ ತಣ್ಣಗಿತ್ತು. ಮನೆ ಬಾಗಿಲನ್ನ ಮೂರು ಸಲ ಎಳೆದು ನೋಡ್ತಾನೆ, ಒಳಗೆ ಸಿಕ್ಕಿಹಾಕಿಕೊಂಡವಳು ನಾನು. ಹೆದರಿದವಳು ನಾನಲ್ಲ ಕಣೆ. ಹೆದರಿದವನ ಮಗಳು."

ಗೆಳೆಯರು ಸ್ವಲ್ಪ ದೂರ ಹೋದ ಮೇಲೆ, ಇನ್ನೊಮ್ಮೆ ಹಾಕಲಾ, ಎಂದರು. ಹಾಕಿ ಅಂದೆ. ಸಬ್ಹಾನ್ ತಲುಪುವವರೆಗೆ ನಾಲ್ಕು ಸಲ ಹಾಕಿದರು. ನಾಲ್ಕನೆಯ ಸಲ ನನ್ನ ಬಾಗಿಲಿನ ಸಾಲು ಬಂದಾಗ ಕಾರಿನ ಬಾಗಿಲನ್ನು ಮೂರು ಸಲ ಎಳೆದು ನೋಡಿದರು. ಓಡುವ ಕಾರಿನಲ್ಲಿ ಹಾಗೆ ಮಾಡಬಾರದು ಎಂದೆ. ಸೇಫ್ಟಿ, ಅಂದರು. ಕ್ಷಮಿಸಿದರೋ ಇಲ್ಲವೋ ಇವತ್ತಿಗೂ ನನಗೆ ಖಚಿತವಿಲ್ಲ. ಆ ದಿನದ ಮೇಲೆ ತಮ್ಮ ಕಾಗದಪತ್ರದ ಮಾತನ್ನು ಅವರು ಕಾರಿನಲ್ಲಿ ಎತ್ತಲಿಲ್ಲ. ಅದು ಸರಿಹೋದ ಸುದ್ದಿಯೂ ನನಗೆ ಆಫೀಸಿನ ನೋಟಿಸ್ ಬೋರ್ಡಿನಿಂದಲೇ ತಿಳಿಯಿತು.

ಅದೇ ಭಾನುವಾರ ಸಂಜೆ ಕರೆಗಂಟೆ ಸದ್ದು ಮಾಡಿತು. ಕಿಂಡಿಯಲ್ಲಿ ನೋಡಿ, ಚಿಲಕ ತೆಗೆದು, ಸರಪಳಿ ತೆಗೆದು ಬಾಗಿಲು ತೆರೆದೆ. ಗೆಳೆಯರ ಮಗಳು ನಿಂತಿದ್ದಳು, ಕಂಕುಳಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ವಫ್ರಾದ ಶೀಲ್ಡು. ಮುಖದಲ್ಲಿ ನಗುವಿಲ್ಲ.

"ಅಂಕಲ್," ಅಂದಳು, "ಜ್ವರ ಇಳೀತಾ?"

ಇಳಿಯುತ್ತಿದೆ ಅಂದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೋಗಿ ಏನು ಮಾತಾಡಿಕೊಂಡರೋ ತಿಳಿಯದು. ಮೊದಲು ಜೋರು ಧ್ವನಿ ಕೇಳಿಸಿತು, ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ, ಆಮೇಲೆ ಬೀರುವಿನ ಬಾಗಿಲು ಹಾಕಿಕೊಂಡ ಸದ್ದು. ಶೀಲ್ಡನ್ನು ಅವಳು ನಮ್ಮ ಊಟದ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ಅದರ ಚೂಪು ಮೂಲೆ ಯಾರಿಗಾದರೂ ತಾಗೀತೆಂದು ಗೋಡೆಯ ಕಡೆ ತಿರುಗಿಸಿಟ್ಟೆ.

ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಹೋಗಿ ಬೀರುವಿನ ಹೊರಗೆ ನಿಂತೆ. ಒಳಗೆ ಎರಡು ದನಿ, ನಲವತ್ತು ಕೈ, ನಲವತ್ತು ಜೇಬು. ಒಬ್ಬಳು ಶುರುಮಾಡಿದರೆ ಇನ್ನೊಬ್ಬಳು ಮುಗಿಸುತ್ತಿದ್ದಳು. ಹತ್ತು ನಿಮಿಷವಾಯಿತು, ಹನ್ನೆರಡಾಯಿತು. ಚಿಕ್ಕ ಜಾಗ, ಇಬ್ಬರು, ಬಾಗಿಲು ಪೂರ್ತಿ ಮುಚ್ಚಿದೆ. ತಡೆಯಲಾರದೆ ಒಂದು ಬೆರಳಗಲ ತೆರೆದೆ.

"ಅಪ್ಪಾ, ನಾಯ್ಸ್ ಬರ್ತಿದೆ," ಎಂದಳು ಒಳಗಿಂದ.

ಅರ್ಧ ಬೆರಳಗಲ ಬಿಟ್ಟು ಮುಚ್ಚಿದೆ.